ಸಾಸಿವೆಯಷ್ಟು ಹಿಂದಕ್ಕೆ

“ಸಾಸಿವೆಯಷ್ಟು ಹಿಂದಕ್ಕೆ,” ಎಂದು ಪೋಸ್ಟ್‌ಮಾಸ್ತರು ಕ್ಯಾಮೆರಾದಿಂದ ಕಣ್ಣು ಕೀಳದೆ ಪಿಸುಗುಟ್ಟಿದರು. ಹಸಿರು ಬಟ್ಟೆಯ ಗುಡಾರದಲ್ಲಿ ಅವರ ಪಕ್ಕಕ್ಕೆ ಮಂಡಿಯೂರಿದ್ದ ದರ್ಜಿ ಲೆನ್ಸಿನ ಬಳೆಯನ್ನು ತಿರುಗಿಸಿದ. ಕೆರೆಯಾಚೆಯ ಒಣಮರ, ಅದರ ನೆತ್ತಿಯ ಗೂಡು, ಗೂಡಿನ ಅಂಚಿಗೆ ಬಂದು ನಿಂತಿದ್ದ ಹದ್ದಿನ ಮರಿ ಎಲ್ಲವೂ ಹಾಲಿನಲ್ಲಿ ಕದಡಿದಂತೆ ಒಂದಾಗಿಹೋದವು.

“ಇದು ಸಾಸಿವೆಯೇನೋ? ಕುಂಬಳಕಾಯಿ.”

“ನನ್ನ ಕೈಗೆ ಇಂಚು ಗೊತ್ತು, ಕಾಲಿಂಚು ಗೊತ್ತು. ಅಂಗಡಿ ಸಾಮಾನಿನ ಅಳತೆ ನನಗೆಲ್ಲಿ ಬರತ್ತೆ ಭಾವ?”

ಮೊಳಕ್ಕೂ ಮಿಗಿಲು ಉದ್ದದ, ಎತ್ತಿಕೊಂಡರೆ ವರ್ಷದ ಕೂಸಿನಷ್ಟು ತೂಗುವ ಹಳೇ ಲೆನ್ಸು ಅದು. ಯಾರ್ಯಾರದೋ ಕೈ ದಾಟಿ ಮೂವತ್ತು ವರ್ಷದ ಹಿಂದೆ ಮನೆಗೆ ಬಂದಿತ್ತು. ಮೈಬಣ್ಣ ಉದುರಿತ್ತು, ಗಾಜಿನ ಒಂದಂಚಿಗೆ ಜೇಡರಬಲೆಯಂತೆ ಬೂಷ್ಟು ಹಿಡಿದಿತ್ತು. ಹಿಂದೆ ಸಿಕ್ಕಿಸಿದ ಕ್ಯಾಮೆರಾ ಮಾತ್ರ ಹೊಸದು. ಮುದುಕನಿಗೂ ಹುಡುಗಿಗೂ ಸಂಬಂಧ ಕುದುರಿಸಿದಂತೆ ನಡುವೆ ಎರಡನ್ನೂ ಕೂಡಿಸುವ ಒಂದು ಲೋಹದ ಉಂಗುರ. ಹೊಸ ಲೆನ್ಸುಗಳಂತೆ ಇದು ತಾನಾಗಿಯೇ ಹಕ್ಕಿಯನ್ನು ಹುಡುಕಿ ನಿಚ್ಚಳ ಮಾಡಿಕೊಡುವುದಿಲ್ಲ, ಕೈಯಿಂದ ಬಳೆ ತಿರುಗಿಸಬೇಕು. ಮಾಸ್ತರ ಒಂದು ಕೈ ಸ್ಟ್ಯಾಂಡಿನ ಹಿಡಿಗೆ ಬೇಕು, ಇನ್ನೊಂದು ಗುಂಡಿ ಒತ್ತಲು ಬೇಕು. ಮೂರನೆಯ ಕೈ ಅಷ್ಟೂ ವರ್ಷ ಹೆಂಡತಿಯದಾಗಿತ್ತು.

ಎಳ್ಳು, ಸಾಸಿವೆ, ಕಡಲೆ ಎಂಬುದು ಗಂಡಹೆಂಡಿರು ಕಟ್ಟಿಕೊಂಡ ಅಳತೆ. ಇವರು ಎಳ್ಳೆಂದರೆ ಆಕೆಯ ಬೆರಳು ಎಳ್ಳಷ್ಟೇ ಸರಿಯುತ್ತಿತ್ತು, ಹಕ್ಕಿ ಬಂದು ಕಣ್ಣಿನೊಳಗೆ ಕೂರುತ್ತಿತ್ತು. ಹನ್ನೊಂದು ವರ್ಷ ಈ ಗೂಡಿನ ಮರಿಗಳನ್ನು ತೆಗೆದಿದ್ದರು. ಮರಿ ಮೊದಲ ಸಲ ಗೂಡು ಬಿಟ್ಟು ಹಾರುವ ಗಳಿಗೆ ಮಾತ್ರ ಒಮ್ಮೆಯೂ ಸಿಕ್ಕಿರಲಿಲ್ಲ. “ಕೊಡೋನು ಕೊಟ್ಟೇ ಕೊಡ್ತಾನೆ, ನಮ್ಮ ಕಣ್ಣು ತೆರೆದಿರಬೇಕು ಅಷ್ಟೆ,” ಎನ್ನುತ್ತಿದ್ದಳು ಆಕೆ.

ಆಕೆ ತೀರಿಕೊಂಡ ಮೇಲೆ ಲೆನ್ಸು ಮಂಚದ ಕೆಳಗೆ ಸೇರಿತ್ತು. ಹಳೇ ಕ್ಯಾಮೆರಾಗಳನ್ನು ಗಾಜಿನ ಬೀರುವಿನಲ್ಲಿ ಜೋಡಿಸಿಡುವ ಶೋಕಿಯವನೊಬ್ಬ ಇದನ್ನೂ ಕೇಳಿದ್ದ. ಇಂದು ಸಂಜೆ ಬಂದು ಒಯ್ಯುವವನಿದ್ದ. ಅಷ್ಟರಲ್ಲಿ ಬೆಳಿಗ್ಗೆಯೇ ಆಕೆಯ ತಮ್ಮ, ಈ ದರ್ಜಿ, ಅಂಗಡಿ ಬಾಗಿಲು ಹಾಕಿ ಬಂದು, “ಮರಿ ರೆಕ್ಕೆ ಬಡೀತಿದೆಯಂತೆ, ಏಳಿ ಭಾವ,” ಎಂದು ಹೊರಡಿಸಿದ್ದ. ಆ ಚಿತ್ರ ಸಿಕ್ಕರೆ ಲೆನ್ಸು ಮನೆಯಲ್ಲಿರುತ್ತದೆ, ಇಲ್ಲದಿದ್ದರೆ ಬೀರುವಿಗೆ ಹೋಗುತ್ತದೆ ಎಂದು ಮಾಸ್ತರು ಮಾತು ಕೊಟ್ಟಿದ್ದರು.

ಮರಿ ಗೂಡಿನಂಚಿನಿಂದ ಪಕ್ಕದ ಕೊಂಬೆಗೆ ಕುಪ್ಪಳಿಸಿತು. ರೆಕ್ಕೆ ಬಿಚ್ಚಿ, ಗಾಳಿ ತೂಗಿ ನೋಡಿ, ಮತ್ತೆ ಮಡಚಿಕೊಂಡಿತು.

“ಕಡಲೆ ಮುಂದಕ್ಕೆ. ಮುಂದಕ್ಕೆ ಕಣೋ. ಅಯ್ಯೋ, ಈಗ ಎಳ್ಳು ಹಿಂದಕ್ಕೆ... ಬಿಡು, ಬಿಟ್ಟುಬಿಡು. ನಿನ್ನ ಕೈಲಾಗೋದಲ್ಲ ಇದು. ನಿಮ್ಮಕ್ಕ ನಾನು ಹೇಳಿದ್ದನ್ನ ಹೇಳಿದ ಹಾಗೆ ಮಾಡೋಳು.”

ದರ್ಜಿ ಬಳೆಯಿಂದ ಕೈ ತೆಗೆಯಲಿಲ್ಲ. “ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರದು. ಈ ಲೆನ್ಸಿಗೆ ಗವಸು ಹೊಲಿಸೋಕೆ ಅಕ್ಕ ಅಂಗಡಿಗೆ ಬಂದಿದ್ಲಲ್ಲ, ಆಗ ಕೇಳಿದ್ದೆ. ಎಳ್ಳಿಗೂ ಸಾಸಿವೆಗೂ ಬೆರಳಲ್ಲಿ ಹೇಗೆ ವ್ಯತ್ಯಾಸ ಮಾಡ್ತೀಯೆ ಅಂತ.”

“ಏನಂದಳು?”

“ಅವರ ಮಾತು ಯಾರು ಕೇಳ್ತಾರೆ ಅಂದ್ಲು.”

ಮಾಸ್ತರು ಕ್ಯಾಮೆರಾ ಬಿಟ್ಟು ಅವನತ್ತ ತಿರುಗಿದರು.

“ಎಳ್ಳು ಅನ್ನೋ ಕಡೆ ಸಾಸಿವೆ ಅಂತಾರೆ, ಹಿಂದೆ ಅನ್ನೋ ಕಡೆ ಮುಂದೆ ಅಂತಾರೆ, ನಾನು ಅವರ ಉಸಿರು ಕೇಳ್ತಾ ಬಳೆ ತಿರುಗಿಸ್ತೀನಿ ಅಂದ್ಲು. ಹಕ್ಕಿ ಚೆನ್ನಾಗಿ ಕಂಡ ತಕ್ಷಣ ನಿಮ್ಮ ಉಸಿರು ನಿಂತುಬಿಡತ್ತಂತೆ, ಅಲ್ಲಿಗೆ ಅವಳ ಬೆರಳೂ ನಿಲ್ಲೋದು. ‘ಹೇಳಬೇಡ ಕಣೋ, ಪಾಪ, ಅಳತೆ ತಮ್ಮದೇ ಅಂದ್ಕೊಂಡಿದಾರೆ’ ಅಂದ್ಲು.”

ಪಕ್ಕದಲ್ಲಿ ಮಂಡಿಯೂರಿ, ಹಕ್ಕಿಯತ್ತಲೂ ನೋಡದೆ ಲೆನ್ಸಿನತ್ತಲೂ ನೋಡದೆ, ಕಣ್ಣು ಅರ್ಧ ಮುಚ್ಚಿ ತಲೆ ತುಸು ಓರೆ ಮಾಡಿ ಕೂರುತ್ತಿದ್ದಳು ಆಕೆ. ಎಷ್ಟೋ ಮುಂಜಾವುಗಳಲ್ಲಿ ಮಾಸ್ತರು ಓರೆಗಣ್ಣಿನಲ್ಲಿ ಕಂಡಿದ್ದರು. ದೇವರ ಹೆಸರು ಹೇಳಿಕೊಳ್ಳುತ್ತಿದ್ದಾಳೆ ಎಂದೇ ತಿಳಿದಿದ್ದರು.

“ಕಣ್ಣಿಡಿ ಭಾವ. ಏನೂ ಹೇಳಬೇಡಿ,” ಎಂದ ದರ್ಜಿ.

ಅವರು ಕಣ್ಣಿಟ್ಟರು. ಉಸಿರು ಎಳೆದರು, ಬಿಟ್ಟರು. ಬಳೆ ಸರಿಯತೊಡಗಿತು. ಮಬ್ಬಿನೊಳಗಿಂದ ಕೊಂಬೆ ಬಂತು. ಕೊಂಬೆಯನ್ನು ಅವುಚಿದ ಉಗುರು ಬಂತು, ಕೊಕ್ಕು ಬಂತು, ಕೊಕ್ಕಿನ ಬುಡದ ಎಳೆ ಹಳದಿ ಬಂತು. ಕೊನೆಗೆ ಕಣ್ಣು, ಕಣ್ಣಿನಲ್ಲಿ ಬೆಳಕಿನದೊಂದು ಚುಕ್ಕಿ. ಮಾಸ್ತರ ಉಸಿರು ನಿಂತಿತು. ಬಳೆಯೂ ನಿಂತಿತು. ಮರಿ ಕೊಂಬೆಯನ್ನು ಒದ್ದು ಗಾಳಿಗೆ ಬಿತ್ತು, ಬಿದ್ದದ್ದು ಬೀಳದೆ ತೇಲಿತು. ಕ್ಯಾಮೆರಾ ಕಟಕಟನೆ ಸದ್ದು ಮಾಡಿತು.

“ಸಿಕ್ಕಿತಾ?”

ಮಾಸ್ತರು ಕಣ್ಣು ತೆಗೆಯದೆ ತಲೆಯಾಡಿಸಿದರು.

ದರ್ಜಿ ಜೇಬಿನಿಂದ ಫೋನು ತೆಗೆದು ಬೀರುವಿನವನಿಗೆ, “ಸಂಜೆ ಬರೋದು ಬೇಡ ಸಾರ್, ಲೆನ್ಸು ಕೆಲಸದಲ್ಲಿದೆ,” ಎಂದು ಹೇಳಿ ಇಟ್ಟ. ಆಮೇಲೆ ಹಾಗೇ ಬಾಗಿ ಕುಳಿತಿದ್ದ ಭಾವನ ಅಲುಗದ ಬೆನ್ನಿನ ಮೇಲೆ ಮೆಲ್ಲಗೆ ಕೈಯಿಟ್ಟ.

“ಇನ್ನು ಉಸಿರು ಬಿಡಿ ಭಾವ. ಹಕ್ಕಿ ಹೋಗಿ ಬಹಳ ಹೊತ್ತಾಯ್ತು.”