ಹೊಸ ಬ್ಲೇಡು

ಅಪ್ಪ ತಾನೇ ಪೊಟ್ಟಣ ಒಡೆದು ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿದ್ದನ್ನು ಕನ್ನಡಿಯಲ್ಲಿ ಕಂಡು, ಕ್ಷೌರದ ಕುರ್ಚಿಯಲ್ಲಿ ಕೂತಿದ್ದ ಮಗ ನೆಟ್ಟಗಾದ.

"ಹಳೇದೇ ಇತ್ತಲ್ಲಪ್ಪ."

"ಅದು ಬೆಣ್ಣೇನೂ ಕೊಯ್ಯಲ್ಲ. ದಿನಾ ನೀನು ಮೊಂಡು ಬ್ಲೇಡು ಹಾಕಿಕೊಡೋದು ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಅಪ್ಪನಿಗೆ ಕಂಪವಾತ ಎಂದು ಡಾಕ್ಟರು ಹೇಳಿದಂದಿನಿಂದ ಇಬ್ಬರ ನಡುವೆ ಒಂದು ಕರಾರಿತ್ತು. ಅಂಗಡಿ ತೆರೆಯುವ ಮುನ್ನ ಅಪ್ಪ ಮಗನ ಗಡ್ಡ ಹೆರೆಯಬೇಕು. ಗಾಯವಾಗದಿದ್ದರೆ ಆ ದಿನ ಕೆಲಸ, ಗಾಯವಾದರೆ ಕತ್ತಿ ಕೆಳಗೆ. ಮೊದಮೊದಲು ಕೈ ಸುಮ್ಮನಿದ್ದಾಗ ಅಪ್ಪನ ಹೆಬ್ಬೆರಳೊಂದೇ ಬತ್ತಿ ಹೊಸೆದಂತೆ ಆಡುತ್ತಿತ್ತು. ಕೆನ್ನೆಗೆ ಕತ್ತಿ ತಾಗಿದೊಡನೆ ತೆಪ್ಪಗಾಗುತ್ತಿತ್ತು. ಆಮೇಲೆ ಹೆಜ್ಜೆ ಗಿಡ್ಡವಾಯಿತು, ದನಿ ಇಳಿಯಿತು, ನಗುವ ಮುಖ ಕಲ್ಲಾಯಿತು. ನುಂಗಿದ ಮಾತ್ರೆಯೂ ಬರಬರುತ್ತಾ ಬೇಗ ಕೈಕೊಡತೊಡಗಿತು. ಕತ್ತಿ ಕಿತ್ತುಕೊಂಡರೆ ಈ ಮನುಷ್ಯ ಬದುಕುತ್ತಾನೆಯೇ ಎಂಬ ಹೆದರಿಕೆಗೆ ಮಗ ಮೊಂಡು ಬ್ಲೇಡಿನ ಈ ಕಳ್ಳಾಟ ಹೂಡಿದ್ದ. ಗಿರಾಕಿಗಳ ಗಂಟಲು ನೆನೆದು ಅವನಿಗೆ ನಿದ್ದೆಯೂ ಬರುತ್ತಿರಲಿಲ್ಲ, ಅದು ಬೇರೆ ಮಾತು.

"ಗೊತ್ತಿದ್ದೂ ಸುಮ್ಮನಿದ್ದೆಯಲ್ಲ?"

"ನಂಗೂ ಆಸೆ ಕಣೋ. ನಿನ್ನೆ ಮೇಷ್ಟ್ರ ಗಂಟಲ ಮೇಲೆ ಕೈ ನಿಂತೇ ಹೋಯ್ತು. ಹಿಂದಕ್ಕೂ ಬರಲ್ಲ, ಮುಂದಕ್ಕೂ ಹೋಗಲ್ಲ. ಅವರು ತೂಕಡಿಸ್ತಿದ್ರು, ಬಚಾವಾದೆ. ತಲೆ ಎತ್ತು, ಇವತ್ತು ನಿಜವಾಗಿ ನೋಡೋಣ."

ನೊರೆ ಹಚ್ಚಿದ. ಎರಡೂ ಕೆನ್ನೆ ಚರಚರನೆ ಚೊಕ್ಕವಾದವು; ಹಳೆಯ ಕೈ, ಹಳೆಯ ಹದ. ಭಲೇ ಮುದುಕ, ಎಂದುಕೊಂಡ ಮಗ. ಕತ್ತಿ ಗಂಟಲಿಗಿಳಿಯಿತು. ಗಂಟಲಮಣಿಯ ಮೇಲೆ ಬಂದು ನಿಂತಿತು.

ನಿಂತೇ ಇತ್ತು. ಮಗನ ಬಾಯಲ್ಲಿ ಉಗುಳು ತುಂಬಿತು, ನುಂಗುವಂತಿಲ್ಲ, ಮಾತಾಡುವಂತಿಲ್ಲ. ಹೊರಗೆ ಯಾರೋ ಶಟರ್ ಬಡಿದರು. ಕನ್ನಡಿಯಲ್ಲಿ ಅಪ್ಪನ ಮುಖ ಮಿಸುಕಲಿಲ್ಲ. ಹಣೆಯಿಂದ ಬೆವರು ಮಾತ್ರ ಇಳಿಯುತ್ತಿತ್ತು. ಮಗ ಮೆಲ್ಲಗೆ ಕೈಯೆತ್ತಿ, ಅಪ್ಪನ ಮಣಿಕಟ್ಟು ಹಿಡಿದು, ಕತ್ತಿಯನ್ನು ಆಚೆ ಸರಿಸಿದ. ಕುತ್ತಿಗೆ ಸವರಿಕೊಂಡ.

"ಒಂದು ಹನಿ ರಕ್ತಾನೂ ಇಲ್ಲಪ್ಪ. ಕರಾರು ಕರಾರೇ. ಶಟರ್ ಎತ್ತಲಾ?"

ಅಪ್ಪ ಕತ್ತಿಯನ್ನು ಮಡಚಿ ಮಗನ ಅಂಗೈಯಲ್ಲಿಟ್ಟ.

"ಎತ್ತು. ನೀನು ಉಗುಳು ನುಂಗದೆ ಕೂತೆ. ಬಂದವರಿಗೆಲ್ಲ ಹಾಗೆ ಕೂತ್ಕೊಳ್ಳಿ ಅನ್ನಕ್ಕಾಗುತ್ತಾ?"