ನಾಳೆ ಬರ್ತೀನಿ ಎಂದವಳು

ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾಗಲೇ ನರ್ಸಮ್ಮ ಎದ್ದು ಬ್ಯಾಂಡೇಜಿನ ಡಬ್ಬ ಎತ್ತಿಕೊಂಡಳು. ಸೇವೆಗೆಂದು ಪರದೇಶಕ್ಕೆ ಬಂದ ಆ ತಂಡದಲ್ಲಿ ನಾಳೆಯ ಮಾತೇ ಇರಲಿಲ್ಲ. ಅಂದಿನ ದಾರಿಯನ್ನು ದೇವರು ಅಂದೇ ಬೆಳಗಿನ ಪ್ರಾರ್ಥನೆಯಲ್ಲಿ ತೋರಿಸಬೇಕು. ಮೂರು ತಿಂಗಳಿಂದ ಅವಳೂ ತುಟಿ ಪಿಟಕ್ಕೆನ್ನದೆ ಹಾಗೇ ನಡೆದಿದ್ದಳು.

ಡಬ್ಬದ ಸದ್ದಿಗೆ ಪಾಸ್ಟರ್ ಒಂದು ಕಣ್ಣು ತೆರೆದರು. "ಎಲ್ಲಿಗಮ್ಮಾ? ಇವತ್ತು ಮಾರ್ಕೆಟ್ಟಿಗೆ ಹೋಗಿ ಹಾಡಬೇಕು ಅಂತ ಪ್ರೇರಣೆಯಾಗಿದೆ."

"ಹಿಂದಿನ ಬೀದಿ ಅಜ್ಜಿಯ ಕಾಲಿನ ಗಾಯ ಕೀವು ಕಟ್ಟಿದೆ. ನಾಳೆ ಬಂದು ಪಟ್ಟಿ ಬದಲಾಯಿಸ್ತೀನಿ ಅಂತ ನಿನ್ನೆ ಹೇಳಿದ್ದೀನಿ."

"ದೇವರನ್ನ ಕೇಳದೆ ನಾಳೆಗೆ ಮಾತು ಕೊಡೋಕೆ ನೀನ್ಯಾರು?"

ನರ್ಸಮ್ಮ ಚಪ್ಪಲಿ ಮೆಟ್ಟಿಕೊಂಡಳು. "ಮಾತು ಕೊಡುವಾಗ ಆತನೂ ಅಲ್ಲೇ ಇದ್ದ ಪಾಸ್ಟರೇ. ಬೇಡ ಅನ್ನಲಿಲ್ಲ."