ಗೀರು ಬಿದ್ದ ಪ್ಲೇಟಿನ ಹಾಡು

ತುತ್ತೂರಿಗಳು ಮೊರೆಯುವ ಆ ವಿಲಾಯತಿ ಬ್ಯಾಂಡಿನ ಹಾಡು ಮೊಬೈಲಿನಲ್ಲಿ ಒಂದು ಗೀರೂ ಇಲ್ಲದೆ ಕೇಳಿಸಿದರೆ, ನನಗೆ ಈಗಲೂ ಏನೋ ಕಮ್ಮಿ ಅನ್ನಿಸುತ್ತದೆ.

ಹೊಳಲ್ಕೆರೆಯಲ್ಲಿ ಅಪ್ಪ ತಾನು ನಡೆಸುತ್ತಿದ್ದ ಮದುವೆ ಬ್ಯಾಂಡಿಗೆ ಅದನ್ನು ಸವೆದ ಗ್ರಾಮಫೋನ್ ಪ್ಲೇಟು ಹಾಕಿಯೇ ಕಲಿಸಿದ್ದ. ಮುಳ್ಳು ಗೀರಿಗೆ ಸಿಕ್ಕು ಒಂದೇ ತುಣುಕು ಮೂರು ಸಲ ಬರುತ್ತಿತ್ತು. ಬ್ಯಾಂಡೂ ಹಾಗೇ ಊದುತ್ತಿತ್ತು.

ಒಂದು ಮಧ್ಯಾಹ್ನ ದಿಬ್ಬಣದ ನಡುವೆ ಅದೇ ಹಾಡು ಊದುತ್ತಿದ್ದಾಗ ಹಿರಿಯೂರಿನ ಬೀಗರು ಕೈ ಅಡ್ಡ ಹಿಡಿದರು. ಅವರ ಕಿರಿಮಗನ ಮದುವೆಗೂ ನಮ್ಮ ಬ್ಯಾಂಡೇ ಎಂಬ ಮಾತು ನಡೆದಿತ್ತು.

“ಈ ಪ್ಲೇಟು ನಮ್ಮನೇಲೂ ಐತೆ. ನಡುವೆ ಯಾಕ್ರಿ ತೊದಲ್ತೀರಿ?”

ಅಪ್ಪ ಕ್ಲಾರಿನೆಟ್ ಒರೆಸಿಕೊಂಡ. “ನಿಮ್ಮ ಪ್ಲೇಟು ಆತುರದಾಗೆ ಓಡೋಗ್ತೈತೆ, ಯಜಮಾನ್ರೆ. ನಾವು ಚೆಂದ ಇರೋ ಕಡೆ ನಿಂತ್ಕಂತೀವಿ.”

ಮತ್ತೆ ಊದಿದರು. ಆ ಜಾಗ ಬಂದಾಗ ಬೀಗರ ಹೊಟ್ಟೆಯೇ ಮೂರು ಸಲ ಕುಣಿಯಿತು.

“ನಮ್ಮೂರಿಗೂ ಬರ್ರಿ. ಆ ಸಿಕ್ಹಾಕ್ಕಳೋದು ಮಾತ್ರ ಬಿಡಬ್ಯಾಡ್ರಿ!”

ಡೋಲಿನ ಪಕ್ಕ ನಿಂತಿದ್ದ ನನ್ನ ಎದೆ ಎಷ್ಟು ಉಬ್ಬಿತೆಂದರೆ, ಅಂಗಿಯ ಗುಂಡಿ ಸಿಡಿದು ಡೋಲಿಗೆ ಬಡಿಯಿತು. ಅದೂ ತಾಳಕ್ಕೆ ಸರಿಯಾಗಿ.